ಫ್ರಾಂಕ್‌ಫರ್ಟ್–ಲಿಸ್ಬನ್‌ಗೆ ಮಾತ್ರ ಬಿಸಿನೆಸ್ ಕ್ಲಾಸ್: ಅಪ್ಪ-ಅಮ್ಮನಿಗೆ ತಗೊಳ್ಳಬಹುದಾ?

ಕೋಥ್ರೂಡ್_ಕನ್ನಡಿಗ (ಪುಣೆ)

ಅಪ್ಪ, ಅಮ್ಮ, ನಾನು. ಮುಂಬೈ–ಫ್ರಾಂಕ್‌ಫರ್ಟ್–ಲಿಸ್ಬನ್, ಮೂವರದ್ದೂ ಒಂದೇ ಪಿಎನ್‌ಆರ್, ಪೂರ್ತಿ ಎಕಾನಮಿ. ಫ್ರಾಂಕ್‌ಫರ್ಟ್‌ನಲ್ಲಿ ನಾಲ್ಕೂವರೆ ಗಂಟೆ ಕಾಯಬೇಕು. ಎರಡನೇ ವಿಮಾನಕ್ಕೆ ಮಾತ್ರ ತಲಾ 190 ಯೂರೋ ಕೊಟ್ಟರೆ ಬಿಸಿನೆಸ್ ಅಂತ ಏರ್‌ಲೈನ್‌ನಿಂದ ಮೇಲ್ ಬಂದಿದೆ. ಅಪ್ಪನಿಗೆ 71, ಎಡ ಮಂಡಿ ನೋವು, ತುಂಬ ಹೊತ್ತು ಮಡಚಿಕೊಂಡು ಕೂರೋಕಾಗಲ್ಲ. ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಅವರಿಬ್ಬರಿಗೆ ಮಾತ್ರ ತಗೊಂಡು ನಾನು ಹಿಂದೆ ಕೂತರೆ ನಡೆಯುತ್ತಾ? ಕಾಲು ಚಾಚೋಕೆ ಜಾಗ ಸಿಗುತ್ತಾ ಅನ್ನೋದೇ ಮುಖ್ಯ.

ಮಾಟುಂಗಾ_ಈಸ್ಟ್ (ಮುಂಬೈ)

ಕಾಲಿಗೋಸ್ಕರ ಅಂತಾದರೆ ಬೇಡ. ಮುಂಬೈ–ದೆಹಲಿ ವಿಮಾನದಲ್ಲಿ ಮುಂದೆ ಇರುತ್ತಲ್ಲ, ಎರಡೆರಡು ಅಗಲದ ಸೀಟು, ಅದನ್ನು ಕಲ್ಪಿಸಿಕೊಂಡು ದುಡ್ಡು ಕೊಟ್ಟರೆ ನಿರಾಸೆ ಖಂಡಿತ. ಲುಫ್ತಾನ್ಸಾ, ಏರ್ ಫ್ರಾನ್ಸ್, ಬ್ರಿಟಿಷ್ ಏರ್‌ವೇಸ್, ಐಬೀರಿಯಾ ಎಲ್ಲದರಲ್ಲೂ ಯುರೋಪಿನೊಳಗೆ ಒಂದೇ ಪದ್ಧತಿ. ಏರ್‌ಬಸ್ ಎ320 ತರಹದ ವಿಮಾನ, ಮೂರು-ಮೂರು ಸೀಟು, ಮುಂದಿನ ಕೆಲವು ಸಾಲುಗಳಲ್ಲಿ ನಡುವಿನ ಸೀಟನ್ನು ಯಾರಿಗೂ ಕೊಡಲ್ಲ, ಆ ಸಾಲುಗಳ ಹಿಂದೆ ಒಂದು ಪರದೆ. ಸಾಲಿನಿಂದ ಸಾಲಿಗೆ 30 ಇಂಚಿನ ಆಸುಪಾಸು. ಪರದೆಯ ಆಚೆಗೂ ಹೆಚ್ಚುಕಡಿಮೆ ಅಷ್ಟೇ. ಬೆಳಗಿನ ಹಾರಾಟದಲ್ಲಿ ಕಂಪನಿ ಖರ್ಚಿನವರು ಜಾಸ್ತಿ, ಮಧ್ಯಾಹ್ನ ಪ್ರವಾಸಿಗಳು ಜಾಸ್ತಿ, ವಿಮಾನ ಮಾತ್ರ ಅದೇ. ಬೇಡಿಕೆ ನೋಡಿಕೊಂಡು ಪರದೆಯನ್ನು ಹಿಂದೆ ಮುಂದೆ ಸರಿಸಿದರೆ ಅವರ ಕೆಲಸ ಮುಗೀತು, ಸೀಟು ಬದಲಾಯಿಸೋ ಗೋಜಿಲ್ಲ. ಟರ್ಕಿಶ್ ಏರ್‌ಲೈನ್ಸ್‌ನ ಹಲವು ಎ321ಗಳಲ್ಲಿ ನಿಜವಾದ ಅಗಲ ಸೀಟು ಇದೆ, ಆದರೆ ನಿಮ್ಮ ದಾರಿ ಅದಲ್ಲ.

ಅಂದರೆ ನೀವು ಕೊಡೋ ದುಡ್ಡಿಗೆ ಭುಜಕ್ಕೆ ಜಾಗ ಸಿಗುತ್ತೆ, ಮಂಡಿಗಲ್ಲ.

ಮಂಡಿಗೆ ಬೇಕಾದ್ದು ಸರಿಯಾದ ಅಕ್ಷರದ ಸೀಟು. ಎ-ಬಿ-ಸಿ ಎಡಗಡೆ, ಡಿ-ಇ-ಎಫ್ ಬಲಗಡೆ. ಡಿಯಲ್ಲಿ ಕೂತವರಿಗೆ ನಡೆಯೋ ದಾರಿ ಎಡಕ್ಕೆ ಬರುತ್ತೆ, ಹಾಗಾಗಿ ಎಡಗಾಲನ್ನು ಆಗಾಗ ಹೊರಗೆ ಚಾಚಬಹುದು. ಬಲ ಮಂಡಿ ಆಗಿದ್ದರೆ ಸಿ. ತಿಂಡಿಯ ಗಾಡಿ ಬಂದಾಗ ಒಳಗೆ ಎಳ್ಕೋಬೇಕು, ಅಷ್ಟೇ. ಮೊದಲ ಸಾಲು ಚೆನ್ನಾಗಿರುತ್ತೆ ಅಂತ ಕೊಡಿಸಬೇಡಿ. ಎದುರಿಗೆ ಗೋಡೆ, ಕಾಲನ್ನು ಮುಂದಿನ ಸೀಟಿನ ಕೆಳಗೆ ತೂರಿಸೋಕೂ ಆಗಲ್ಲ, ಕೈಚೀಲವನ್ನೂ ಮೇಲೆಯೇ ಇಡಬೇಕು. ತುರ್ತು ಬಾಗಿಲಿನ ಸಾಲಲ್ಲಿ ಜಾಗ ಇದೆ, ಆದರೆ ನಡೆಯೋಕೆ ಸಹಾಯ ಬೇಕಾದವರನ್ನು ಅಲ್ಲಿ ಕೂರಿಸಲ್ಲ.

ಡೊಂಬಿವಲಿ_ಫಾಸ್ಟ್

ಸೀಟಿನ ವಿಷಯ ಸರಿಯಾಗಿದೆ. ಆದರೆ ನಿಮ್ಮ ಅಪ್ಪನಿಗೆ ಕಷ್ಟ ಆಗೋದು ವಿಮಾನದೊಳಗಲ್ಲ, ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ. ಮುಂಬೈಯಿಂದ ಇಳಿದ ಮೇಲೆ ಮತ್ತೆ ಭದ್ರತಾ ತಪಾಸಣೆ, ಆಮೇಲೆ ಪಾಸ್‌ಪೋರ್ಟ್ ಕಂಟ್ರೋಲ್ (ಷೆಂಗೆನ್, ಅಂದರೆ ಒಂದೇ ವೀಸಾದ ಯುರೋಪ್ ದೇಶಗಳ ಗುಂಪಿಗೆ ಪ್ರವೇಶ ಅಲ್ಲೇ ಆಗೋದು, ಲಿಸ್ಬನ್‌ನಲ್ಲಿ ಇರಲ್ಲ), ನಡುವೆ ಉದ್ದುದ್ದ ನಡಿಗೆ. 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟ್ ಮುದ್ರೆಯ ಜಾಗಕ್ಕೆ ಹಂತಹಂತವಾಗಿ ಇಇಎಸ್ (ಗಡಿ ದಾಟೋರ ಫೋಟೋ, ಬೆರಳಚ್ಚು ಕಂಪ್ಯೂಟರಲ್ಲಿ ದಾಖಲಿಸೋ ವ್ಯವಸ್ಥೆ) ಬಂದಿದೆ. ವೀಸಾಕ್ಕೆ ಬೆರಳಚ್ಚು ಆಗಲೇ ಕೊಟ್ಟಿರೋದರಿಂದ ನಮ್ಮವರಿಗೆ ಮುಖದ ಫೋಟೋ ಸಾಕು, ಆದರೂ ಸಾಲು ನಿಂತೇ ಇರುತ್ತೆ. ಬಿಸಿನೆಸ್ ಟಿಕೆಟ್ಟಿನ ಫಾಸ್ಟ್ ಲೇನ್ ಮುಖ್ಯವಾಗಿ ಭದ್ರತಾ ತಪಾಸಣೆಗೆ; ಪಾಸ್‌ಪೋರ್ಟ್ ಸಾಲಿಗೂ ಅದೇ ನಡೆಯುತ್ತೆ ಅಂತ ನಂಬಿ ಹೊರಡಬೇಡಿ.

ಆದ್ದರಿಂದ ಮೊದಲು ವೀಲ್‌ಚೇರ್ ಹಾಕಿಸಿ. ಯುರೋಪಿನ 1107/2006 ನಿಯಮದ ಪ್ರಕಾರ ಅದು ಪೂರ್ತಿ ಉಚಿತ. ಹೊರಡೋ ಹೊತ್ತಿಗೆ ಕನಿಷ್ಠ 48 ಗಂಟೆ ಮುಂಚೆ ಹೇಳಿರಬೇಕು. ಬರೀ ‘ವೀಲ್‌ಚೇರ್’ ಅಂದರೆ ಸಾಮಾನ್ಯವಾಗಿ ಡಬ್ಲ್ಯುಸಿಎಚ್‌ಆರ್ ಅನ್ನೋ ಕೋಡ್ ಹಾಕ್ತಾರೆ. ಅದರರ್ಥ: ದೂರ ನಡೆಯಲಾರರು, ಮೆಟ್ಟಿಲು ಹತ್ತಬಲ್ಲರು. ಫ್ರಾಂಕ್‌ಫರ್ಟ್‌ನಲ್ಲಿ ಯುರೋಪಿನೊಳಗಿನ ವಿಮಾನಗಳಿಗೆ ಬಸ್ಸಿನಲ್ಲಿ ಕರ್ಕೊಂಡು ಹೋಗಿ ಮೆಟ್ಟಿಲೇಣಿ ಹತ್ತಿಸೋದು ಮಾಮೂಲು. ಮಂಡಿ ನೋವಿರೋರಿಗೆ ಅಲ್ಲೇ ಎಡವಟ್ಟು. ಮೆಟ್ಟಿಲೂ ಕಷ್ಟ ಅಂತಾದರೆ ಡಬ್ಲ್ಯುಸಿಎಚ್‌ಎಸ್ ಅಂತ ಸ್ಪಷ್ಟವಾಗಿ ಹೇಳಿ ಹಾಕಿಸಿ. ಆಗ ಲಿಫ್ಟ್ ಇರೋ ಗಾಡಿ ಬರುತ್ತೆ. ಎರಡೂ ವಿಮಾನಕ್ಕೆ ಬೇರೆಬೇರೆಯಾಗಿ ದಾಖಲಾಗಿದೆಯಾ ಅಂತ ಬುಕಿಂಗ್‌ನಲ್ಲಿ ನೋಡ್ಕೊಳ್ಳಿ.

ಇಬ್ಬರಿಗೆ ಮಾತ್ರ ಅಪ್‌ಗ್ರೇಡ್ ಮಾಡಿದರೆ ಎಷ್ಟೋ ಸಲ ಪಿಎನ್‌ಆರ್ ಒಡೆದು ಎರಡಾಗುತ್ತೆ. ವಿಮಾನ ರದ್ದಾದರೆ ಕಂಪ್ಯೂಟರ್ ಅವರನ್ನು ಒಂದಕ್ಕೆ, ನಿಮ್ಮನ್ನು ಇನ್ನೊಂದಕ್ಕೆ ಹಾಕಬಹುದು. ಆ ವಯಸ್ಸಿನವರ ಜೊತೆ ಹೋಗುವಾಗ 190 ಯೂರೋಗಿಂತ ಇದು ದೊಡ್ಡ ವಿಷಯ.

ಪಿಂಪ್ರಿ_ಧಾರವಾಡ

ಇಷ್ಟು ಸಾರಾಸಗಟಾಗಿ ಬ್ಯಾಡ ಅನ್ನಬ್ಯಾಡ್ರಿ. ನಾಲ್ಕೂವರೆ ತಾಸು ಗೇಟಿನ ಮುಂದ ಕಬ್ಬಿಣದ ಕುರ್ಚಿಮ್ಯಾಲೆ ಕೂಡೋದಕ್ಕೂ ಲೌಂಜಿನಾಗ ಆರಾಮ ಕೂಡೋದಕ್ಕೂ ಫರಕ್ ಐತಿ. ಆದ್ರ ಏರ್‌ಲೈನಿನ ಇ-ಮೇಲ್‌ನಾಗಿನ ಷರತ್ತು ಓದ್ರಿ: ಈ ಅಪ್‌ಗ್ರೇಡಿನಾಗ ಲೌಂಜ್ ಐತೋ ಇಲ್ಲೋ, ಲಗೇಜ್ ಹಳೇ ಟಿಕೆಟ್ಟಿನ ಲೆಕ್ಕಾನೋ. ಬಹಳ ಕಡೆ ಸೀಟ್ ಅಷ್ಟ ಬದಲಾಗತದ, ಬ್ಯಾಗು ಮತ್ತ ಮೈಲ್ಸ್ ಹಳೇ ಟಿಕೆಟ್ಟಿಂದ ಉಳೀತಾವ. ನಿಮ್ಮದು ಎಕಾನಮಿ ಟಿಕೆಟ್, ಹಂಗಾಗಿ ಲೌಂಜಿಗೆ ನಿಮ್ಮನ್ನ ಅವರ ಜೋಡಿ ಬಿಡೂದಿಲ್ಲ. ಇಬ್ಬರನ್ನ ಒಳಗ ಬಿಟ್ಟು ನೀವು ಹೊರಗ ನಿಲ್ಲಬೇಕಾಗತದ. ರೊಕ್ಕಾ ಕೊಟ್ಟು ಹೋಗೋ ಲೌಂಜ್ ಮೂವರಿಗೂ ನೋಡಿದ್ರ ಅದರಕ್ಕಿಂತ ಸೋವಿ.

ಊಟದ ಮಾತು. ಎಕಾನಮಿಯೊಳಗ ಆ ಹಾರಾಟಕ್ಕ ಹೆಚ್ಚಾಗಿ ನೀರು, ಒಂದು ಸಣ್ಣ ತಿನಿಸು. ಉಳಿದದ್ದು ರೊಕ್ಕಾ ಕೊಟ್ಟು ತಗೋಬೇಕು. ಬಿಸಿನೆಸ್ಸಿನಾಗ ತಾಟು ಬರತದ, ಆದ್ರ ಹೇಳದ ಇದ್ರ ಮೀನು, ಚೀಸ್, ಮೊಟ್ಟೆ. ಅಮ್ಮಾರಿಗೆ ಎವಿಎಂಎಲ್ (ಮೊಟ್ಟೆ ಇಲ್ಲದ ಭಾರತೀಯ ಸಸ್ಯಾಹಾರಿ ಊಟದ ಕೋಡ್) ಹಾಕಸ್ರಿ. ವಿಎಲ್‌ಎಂಎಲ್ (ಹಾಲು-ಮೊಟ್ಟೆ ಇರೋ ಸಸ್ಯಾಹಾರಿ ಊಟದ ಕೋಡ್) ಹಾಕಿದ್ರ ಮೊಟ್ಟೆ ಬರತದ, ಅದನ್ನ ಮುಟ್ಟಬ್ಯಾಡ್ರಿ. ಕಡೀಕೆ 24 ತಾಸು ಮೊದಲ ಹೇಳಬೇಕು. ಇನ್ನೊಂದು, ಅಪ್‌ಗ್ರೇಡ್ ಆದಕೂಡ್ಲೆ ಟಿಕೆಟ್ ಹೊಸದಾಗಿ ಹೊರಡತದ, ಆಗ ಹಳೇ ಊಟ, ಸೀಟು, ವೀಲ್‌ಚೇರ್ ಎಲ್ಲಾ ಬಿದ್ದುಹೋಗಬಹುದು. ಮತ್ತೊಮ್ಮೆ ತೆಗೆದು ನೋಡ್ರಿ. ಗೇಟಿನಾಗ ಅಪ್‌ಗ್ರೇಡ್ ಮಾಡಿಸಿದ್ರಂತೂ ವಿಶೇಷ ಊಟ ಸಿಗೋದಿಲ್ಲ.

ಕೋಥ್ರೂಡ್_ಕನ್ನಡಿಗ

ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಡಿ ಸೀಟು ಮತ್ತು ಡಬ್ಲ್ಯುಸಿಎಚ್‌ಎಸ್ ಮೊದಲು. ಅಮ್ಮ ಇನ್ನೂ ಲೌಂಜ್ ಬೇಕು ಅಂತಿದ್ದಾರೆ! ಒಂದು ವೇಳೆ ಅಪ್‌ಗ್ರೇಡ್ ತಗೊಂಡು, ಕೊನೇ ಗಳಿಗೆಯಲ್ಲಿ ಚಿಕ್ಕ ವಿಮಾನ ಹಾಕಿ ಎಕಾನಮಿಗೆ ತಳ್ಳಿದರೆ?

ಮಾಟುಂಗಾ_ಈಸ್ಟ್

ಆಗೋ ಮಾತೇ. ಎ321 ಬದಲು ಎ319 ಬಂದರೆ ಪರದೆ ಮುಂದಕ್ಕೆ ಸರಿಯುತ್ತೆ. ವಿಮಾನ ಪ್ರಯಾಣಿಕರ ಹಕ್ಕಿನ ಬಗ್ಗೆ ಇರೋ ಯುರೋಪಿನ 261/2004 ನಿಯಮದ 10ನೇ ವಿಧಿ: ಕೆಳ ದರ್ಜೆಯಲ್ಲಿ ಕೂರಿಸಿದರೆ 7 ದಿನದೊಳಗೆ ಟಿಕೆಟ್ ಬೆಲೆಯ 30% (1,500 ಕಿ.ಮೀ.ವರೆಗೆ), ಅದಕ್ಕಿಂತ ದೂರದ ಯುರೋಪಿನೊಳಗಿನ ಹಾರಾಟಕ್ಕೆ 50% ವಾಪಸ್. ಫ್ರಾಂಕ್‌ಫರ್ಟ್–ಲಿಸ್ಬನ್ ಸುಮಾರು 1,870 ಕಿ.ಮೀ., ಹಾಗಾಗಿ 50%. ಆದರೆ ಪೂರ್ತಿ ಟಿಕೆಟ್ಟಿನ ಅರ್ಧ ಸಿಗುತ್ತೆ ಅಂದ್ಕೋಬೇಡಿ. ಆ ಒಂದು ಹಾರಾಟದ ಬೆಲೆ ಮಾತ್ರ, ತೆರಿಗೆ ಬಿಟ್ಟು, ಅಂತ 2016ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದೆ. ಟಿಕೆಟ್ಟಲ್ಲಿ ಬೆಲೆ ಬಿಡಿಸಿ ಬರೆದಿಲ್ಲದಿದ್ದರೆ ದೂರದ ಅನುಪಾತ. ಮುಂಬೈ–ಫ್ರಾಂಕ್‌ಫರ್ಟ್ ಸುಮಾರು 6,600 ಕಿ.ಮೀ. ಇರೋದರಿಂದ ನಿಮ್ಮ ಎರಡನೇ ಹಾರಾಟದ ಪಾಲು ಕಾಲು ಭಾಗಕ್ಕಿಂತ ಕಡಿಮೆ, 22% ಅಷ್ಟೇ. ಅಪ್‌ಗ್ರೇಡಿಗೆ ಕೊಟ್ಟ 190 ಯೂರೋ ವಾಪಸ್ ಕೇಳೋದನ್ನೂ ಅದೇ ಅರ್ಜಿಯಲ್ಲಿ ಬರೀರಿ. ಹಳೇ ಬಿಸಿನೆಸ್ ಬೋರ್ಡಿಂಗ್ ಪಾಸ್ ಕೌಂಟರಿನಲ್ಲಿ ಕೊಟ್ಟುಬಿಡೋ ಮುಂಚೆ ಫೋಟೋ ತೆಗೀರಿ. ಅಲ್ಲೇ ವೋಚರ್ ಹಿಡಿಸೋಕೆ ನೋಡ್ತಾರೆ. ನಗದು ಬೇಕು ಅಂದರೆ ಸಹಿ ಹಾಕಬೇಡಿ.

ವಾಸ್ಕೋ_ಬಂದರು (ಗೋವಾ)

ಕಾರ್ಡಿನ ಖರ್ಚು ಮರೀಬೇಡಿ. 3.5% ಮಾರ್ಕಪ್ (ವಿದೇಶಿ ಹಣದ ಪಾವತಿಗೆ ಬ್ಯಾಂಕ್ ಹಾಕೋ ಶುಲ್ಕ) ಇರೋ ಕಾರ್ಡಾದರೆ ಜಿಎಸ್‌ಟಿ ಸೇರಿ 4.13%, ಇಬ್ಬರ 380 ಯೂರೋ ಮೇಲೆ ಸುಮಾರು 16 ಯೂರೋ. ಸೈಟಿನಲ್ಲಿ ರೂಪಾಯಿ ಅಂತ ಬದಲಾಯಿಸಿ ತೋರಿಸಿದರೆ ಬೇಡ ಅನ್ನಿ, ಆ ದರ ಇನ್ನೂ ಕೆಟ್ಟದ್ದು.

ತಿಂಡಿ ಕಟ್ಟಿಕೊಂಡು ಹೋಗೋದಾದರೆ: ಚಕ್ಕುಲಿ, ಭಾಕರವಡಿ, ಅವಲಕ್ಕಿ ಕೈಚೀಲದಲ್ಲಿ ತೊಂದರೆಯಿಲ್ಲ. ಉಪ್ಪಿನಕಾಯಿ, ಗೊಜ್ಜು ದ್ರವದ ಲೆಕ್ಕಕ್ಕೆ ಬರುತ್ತೆ. ಮುಂಬೈಯಲ್ಲಿ ದಾಟಿದ್ದು ಫ್ರಾಂಕ್‌ಫರ್ಟ್‌ನ ಎರಡನೇ ತಪಾಸಣೆಯಲ್ಲಿ ಕಸದ ಡಬ್ಬಿಗೆ ಹೋಗಬಹುದು, ಹಾಗಾಗಿ ಚೆಕ್-ಇನ್ ಬ್ಯಾಗಿಗೆ ಹಾಕಿ. ತುಪ್ಪ, ಪೇಡಾ ಎರಡರಲ್ಲೂ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರೋದಕ್ಕೆ ಯುರೋಪಿನಲ್ಲಿ ನಿಷೇಧ ಇದೆ. ಬ್ಯಾಗ್ ಟ್ಯಾಗಿನ ಮೇಲೆ ಎಲ್‌ಐಎಸ್ (ಲಿಸ್ಬನ್‌ನ ಕೋಡ್) ಅಂತ ಇದೆಯಾ ನೋಡಿ, ಹಾಗಿದ್ದರೆ ನಡುವೆ ಎಲ್ಲೂ ಎತ್ತಿಕೊಳ್ಳೋ ಕೆಲಸ ಇಲ್ಲ.