ರಸ್ತೆ ಮೇಲಿನ ಚಾರ್ಜಿಂಗ್ ವೈರ್: ಭಾನುವಾರದ ಮೀಟಿಂಗ್‌ಗೆ ಮುಂಚೆ ಎಲ್ಲರೂ ಓದಿ

ಮನೆ 41, 3ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಗುರುವಾರ ರಾತ್ರಿ ಎರಡೂವರೆಗೆ ನಮ್ಮ ಗೇಟ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ. ಯಾರೋ ಕಸಕ್ಕೆ ಬೆಂಕಿ ಇಟ್ಟಿದ್ದಾರೆ ಅಂದುಕೊಂಡು ಹೊರಗೆ ಬಂದೆ. ನೋಡಿದರೆ 18ರ ಮೇಲ್ಮನೆ ಬಾಲ್ಕನಿಯಿಂದ ಇಳಿದು, ಹೊಂಗೆ ಮರಕ್ಕೆ ಒಂದು ಸುತ್ತು ಹಾಕಿ, ಫುಟ್‌ಪಾತ್ ದಾಟಿ ಬ್ಯಾಟರಿ ಕಾರಿಗೆ ಹೋಗಿರುವ ಚಾರ್ಜಿಂಗ್ ವೈರ್. ನಡುವೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಮಳೆ ಬೀಳದಿರಲಿ ಅಂತ ಅದಕ್ಕೆ ಹಾಲಿನ ಕವರ್ ಕಟ್ಟಿದ್ದಾರೆ. ಕವರ್ ಕರಗಿ ಬೋರ್ಡ್‌ಗೆ ಅಂಟಿಕೊಂಡಿತ್ತು. ಬೆಲ್ ಮಾಡಿ ಎಬ್ಬಿಸಿ ಮೇನ್ ಆಫ್ ಮಾಡಿಸಿದೆ. ಕಾರಿಗೆ ಏನೂ ಆಗಿಲ್ಲ.

ಜಗಳಕ್ಕೆ ಹೇಳ್ತಿಲ್ಲ. ನಮ್ಮ ಮೂರು ಕ್ರಾಸ್‌ನಲ್ಲೇ ಈಗ ಏಳು ಹಸಿರು ಪ್ಲೇಟ್ ಬ್ಯಾಟರಿ ಕಾರುಗಳಿವೆ, ಅದರಲ್ಲಿ ಐದು ರಸ್ತೆಯಲ್ಲೇ ನಿಲ್ಲುತ್ತವೆ. ಎಲ್ಲ 30-40 ಸೈಟು, ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ, ಗೇಟ್ ಒಳಗೆ ಒಂದೇ ಕಾರಿಗೆ ಜಾಗ. ಬೆಳಗ್ಗೆ ಐದಕ್ಕೆ ಪೇಪರ್ ಹುಡುಗರು ಅದೇ ಫುಟ್‌ಪಾತ್‌ನಲ್ಲಿ ಓಡಾಡ್ತಾರೆ.

ಮನೆ 52:
ನಾನು ಮೊದಲೇ ಹೇಳಿದ್ದೆ. ಬ್ಯಾಟರಿ ಕಾರು ಮನೆಗಳ ಮಧ್ಯೆ ಬೇಡ. ಕೊರಿಯಾದ ಇಂಚಿಯಾನ್‌ನಲ್ಲಿ 2024ರ ಆಗಸ್ಟ್‌ನಲ್ಲಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಂತಿದ್ದ ಕಾರು ಹೊತ್ತಿಕೊಂಡು ನೂರಕ್ಕೂ ಹೆಚ್ಚು ಕಾರುಗಳು ಹಾಳಾದವು. ಪೆಟ್ರೋಲ್ ಕಾರು ಹೀಗೆ ನಿಂತಲ್ಲೇ ಹೊತ್ತಿಕೊಳ್ಳುತ್ತಾ?

ಮನೆ 18, ಮೇಲ್ಮನೆ:
ತಪ್ಪು ನಮ್ಮದೇ, ಕ್ಷಮಿಸಿ. ಒಂದು ವಿಷಯ ಮಾತ್ರ ಕೇಳಬೇಕು. ಕಾರು ತಂದ ಮೊದಲ ವಾರ ಚಾರ್ಜರ್‌ನಲ್ಲಿ ಕೆಂಪು ಲೈಟ್ ಬಂದು ಚಾರ್ಜ್ ಆಗ್ತಾನೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಐದು ನಿಮಿಷದಲ್ಲಿ ಸಾಕೆಟ್ ಬಿಚ್ಚಿ ಏನೋ ಮಾಡಿದ, ಹಸಿರು ಲೈಟ್ ಬಂತು. 200 ರೂಪಾಯಿ ತಗೊಂಡ. ಅದು ಸರಿನಾ?

ಮನೆ 7:
ಸರಿ ಇಲ್ಲ! ದಯವಿಟ್ಟು ಆ ಸಾಕೆಟ್ ಮುಟ್ಟಬೇಡಿ, ಎಂಸಿಬಿ (ಆ ಲೈನಿನ ಟ್ರಿಪ್ ಸ್ವಿಚ್) ಕೆಳಗೆ ಮಾಡಿಡಿ, ನಾನು ಸಂಜೆ ಬರ್ತೀನಿ. ನಾನು ಮೂವತ್ತು ವರ್ಷ ಇದೇ ಕರೆಂಟ್ ಕೆಲಸ ಮಾಡಿ ರಿಟೈರ್ ಆದವನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಕೆಂಪು ಲೈಟ್ ಬಂದರೆ ಬಹುತೇಕ ಅರ್ತಿಂಗ್, ಅಂದರೆ ಲೀಕ್ ಆದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್, ಸರಿ ಇಲ್ಲ ಅಂತ ಅರ್ಥ. ಅರ್ತ್ ಇಲ್ಲದಿದ್ದರೆ ಕಾರು ಚಾರ್ಜ್ ಆಗಲು ಒಪ್ಪುವುದಿಲ್ಲ. ಆಗ ಕೆಲವರು ಸಾಕೆಟ್ ಒಳಗೇ, ಕರೆಂಟ್ ವಾಪಸ್ ಹೋಗುವ ವೈರ್ ಆದ ನ್ಯೂಟ್ರಲ್‌ನಿಂದ ಅರ್ತ್ ಪಿನ್‌ಗೆ ಒಂದು ತುಂಡು ವೈರ್ ಸೇರಿಸಿ ಕಾರಿಗೆ ಮೋಸ ಮಾಡುತ್ತಾರೆ. ಲೈಟ್ ಹಸಿರಾಗುತ್ತೆ. ಆದರೆ ಹಿಂದೆ ಎಲ್ಲೋ ನ್ಯೂಟ್ರಲ್ ಕಟ್ ಆಯ್ತು ಅಂದುಕೊಳ್ಳಿ, 230 ವೋಲ್ಟ್ ನೇರ ಕಾರಿನ ಬಾಡಿಗೆ ಬರುತ್ತೆ. ಮಳೆಯಲ್ಲಿ ಬರಿಗಾಲಲ್ಲಿ ಬಂದು ಡೋರ್ ಹಿಡಿದವರ ಕತೆ ಏನು? ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಲ್ಲ ಅಂತ ಧೈರ್ಯ ಬೇಡ. ಆ ತುಂಡು ವೈರ್ ಹಾಕಿದ ಮೇಲೆ ಲೀಕ್ ಆದ ಕರೆಂಟ್ ನ್ಯೂಟ್ರಲ್‌ನಲ್ಲೇ ವಾಪಸ್ ಹೋಗುತ್ತೆ, ಅದಕ್ಕೆ ಏನೂ ಗೊತ್ತೇ ಆಗಲ್ಲ, ಸುಮ್ನೆ ಕೂತಿರುತ್ತೆ.

ಬೋರ್ಡ್ ಸುಟ್ಟದ್ದು ಬೇರೆ ಕಾರಣಕ್ಕೆ. ಮಿಕ್ಸಿ ಎರಡು ನಿಮಿಷ ಓಡುತ್ತೆ, ಗೀಸರ್ ಹತ್ತು ನಿಮಿಷ. ಕಾರು ಎಂಟು ಗಂಟೆ ಬಿಡದೆ ಹತ್ತು-ಹದಿಮೂರು ಆಂಪ್ ಎಳೆಯುತ್ತೆ. ಪಿನ್ ಸ್ವಲ್ಪ ಸಡಿಲ ಇದ್ದರೂ ಅಲ್ಲಿ ಬಿಸಿ ಏರುತ್ತಾ ಹೋಗುತ್ತೆ. ಕಾರಿಗೆ ಚುಚ್ಚುವ ಗನ್ ಮಳೆಗೆ ಹೆದರುವುದಿಲ್ಲ, ಅದನ್ನು ಅದಕ್ಕೇ ಅಂತ ಮಾಡಿದ್ದಾರೆ. ಆರು ಆಂಪ್‌ನ ಅಗ್ಗದ ಬೋರ್ಡ್ ಎಲ್ಲದಕ್ಕೂ ಹೆದರಬೇಕು.

52ರವರಿಗೆ: ಇಂಚಿಯಾನ್ ವಿಷಯ ನಿಜ. ಆ ಕಾರು ಚಾರ್ಜ್‌ಗೂ ಹಾಕಿರಲಿಲ್ಲ, ಎರಡು ದಿನದಿಂದ ಸುಮ್ನೆ ನಿಂತಿತ್ತು. ಆದರೆ ಅಲ್ಲಿ ಸ್ಪ್ರಿಂಕ್ಲರ್ ವಾಲ್ವ್ ಬಂದ್ ಮಾಡಿದ್ದರು, ನೀರೇ ಬರಲಿಲ್ಲ. ಅದೂ ನೆಲಮಾಳಿಗೆ. ನಮ್ಮದು ತೆರೆದ ರಸ್ತೆ. ಬ್ಯಾಟರಿ ಬೆಂಕಿಗೆ ರಾಶಿ ನೀರು ಬೇಕು, ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು, ಹೊಗೆ ವಿಷ. ಆದ್ದರಿಂದ ಯಾರೂ ಬಕೆಟ್ ಹಿಡಿದು ಹೋಗಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ. ಆದರೂ ನನ್ನನ್ನು ಕೇಳಿದರೆ ನಮ್ಮ ರಸ್ತೆಯಲ್ಲಿ ಬ್ಯಾಟರಿಗಿಂತ ನಾನು ಹೆದರುವುದು ಗೋಡೆಯ ಸಾಕೆಟ್‌ಗೆ.

ಮನೆ 33:
ನಮ್ಮದು ಗೇಟ್ ಒಳಗೆ ನಿಲ್ಲುತ್ತೆ, ಮೂರು ವರ್ಷ ಆಯ್ತು, ಹಾಗಾಗಿ ಪಾಸಿಟಿವ್ ಕಡೆಯೂ ಹೇಳಿಬಿಡ್ತೀನಿ. 30 ಯೂನಿಟ್ ಬ್ಯಾಟರಿ. ಮೈಸೂರು ಒಳಗೆ ದಿನಕ್ಕೆ 25 ಕಿಮೀ, ವಾರಕ್ಕೆ ಒಂದು ಅಥವಾ ಎರಡು ಸಲ ಚಾರ್ಜ್. ಫುಲ್ ಮಾಡಲು ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ 180, ಅಷ್ಟರಲ್ಲಿ ಸುಮಾರು 200 ಕಿಮೀ. ಪೆಟ್ರೋಲ್‌ನಲ್ಲಿ ಅದೇ ಓಡಾಟ ಸಾವಿರ ರೂಪಾಯಿ ದಾಟುತ್ತೆ. ಬೆಂಗಳೂರಿಗೆ ಹೋಗಿ ಅವತ್ತೇ ವಾಪಸ್ ಬರುವುದು ಮಾತ್ರ ಒಂದೇ ಚಾರ್ಜ್‌ನಲ್ಲಿ ಆಗದು. ಎಕ್ಸ್‌ಪ್ರೆಸ್‌ವೇನಲ್ಲಿ ನೂರರಲ್ಲಿ ಓಡಿಸಿದರೆ ರೇಂಜ್ ಕಣ್ಣೆದುರೇ ಇಳಿಯುತ್ತೆ. ಮದ್ದೂರಿನಲ್ಲಿ ನಿಲ್ಲಿಸಿ, ಕಾರು ಚಾರ್ಜ್ ಆಗುವಷ್ಟರಲ್ಲಿ ನಾವು ವಡೆ ತಿಂದು ಮುಗಿಸ್ತೀವಿ. ಸಾಕೆಟ್‌ಗೆ ಬೇರೆ ಲೈನು, ಬೇರೆ ಅರ್ತ್ ಪಿಟ್ (ಅರ್ತ್ ವೈರ್ ನೆಲಕ್ಕೆ ಸೇರುವ ಗುಂಡಿ) ಮೊದಲ ದಿನವೇ ಮಾಡಿಸಿದ್ದೆ. ಖರ್ಚಾಯ್ತು, ಹೊಟ್ಟೆ ಉರಿಯಿತು, ನಿದ್ದೆ ಬರುತ್ತೆ.

ಮನೆ 18, ಓನರ್:
ಎಲ್ಲ ಸರಿ ಸ್ವಾಮಿ, ಹೊಸ ಲೈನ್, ಅರ್ತ್ ಪಿಟ್ ಯಾರ ದುಡ್ಡಲ್ಲಿ? ಬಾಡಿಗೆದಾರರು ಹನ್ನೊಂದು ತಿಂಗಳಿಗೆ ಹೋಗ್ತಾರೆ, ಗೋಡೆ ಕೊರೆದದ್ದು ನಮಗೇ ಉಳಿಯುತ್ತೆ.

ಮನೆ 18, ಮೇಲ್ಮನೆ:
ವೈರ್, ಎಂಸಿಬಿ ನಾನು ಕೊಡ್ತೀನಿ ಅಂಕಲ್. ಅರ್ತ್ ಪಿಟ್ ಇಡೀ ಮನೆಗೇ ಬೇಕಾದದ್ದು, ಅರ್ಧ ಅರ್ಧ ಮಾಡೋಣ್ವಾ? ವಾರಕ್ಕೆ ಎರಡು ರಾತ್ರಿ ನಿಮ್ಮ ಕಾರು ಹೊರಗೆ, ನಮ್ಮದು ಒಳಗೆ ನಿಲ್ಲಿಸಲು ಬಿಟ್ಟರೆ ವೈರ್ ಗೇಟ್ ದಾಟುವುದೇ ಇಲ್ಲ.

ಮನೆ 18, ಓನರ್:
ನೋಡೋಣ. ಮನೆಯವಳನ್ನು ಕೇಳಿ ಹೇಳ್ತೀನಿ.

ಮನೆ 7:
ಇನ್ನೊಂದು ಲೆಕ್ಕ. ಪಾರ್ಕ್ ಮೂಲೆಯ ಟ್ರಾನ್ಸ್‌ಫಾರ್ಮರ್ 100 ಕೆವಿಎ, ಅಂದರೆ ಹೆಚ್ಚೆಂದರೆ ನೂರು ಕಿಲೋವ್ಯಾಟ್ ಹೊರುತ್ತೆ. ಏಳೂ ಜನ ಗೋಡೆಗೆ 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿ ರಾತ್ರಿ ಹತ್ತಕ್ಕೆ ಒಟ್ಟಿಗೆ ಆನ್ ಮಾಡಿದರೆ 50 ಕಿಲೋವ್ಯಾಟ್, ಅಂದರೆ ಅದರ ಅರ್ಧ! ಏಪ್ರಿಲ್‌ನಲ್ಲಿ ಎಸಿಗಳೂ ಓಡುವಾಗ ಫ್ಯೂಸ್ ಹೋದರೆ ಬೈಯುವುದು ಲೈನ್‌ಮನ್‌ನ. ಮೂರು ಕಿಲೋವ್ಯಾಟ್ ಲೋಡ್ ಮಾತ್ರ ಸ್ಯಾಂಕ್ಷನ್ (ಮಂಜೂರು) ಇರುವ ಮನೆಯವರು ಲೋಡ್ ಹೆಚ್ಚಿಸಿಕೊಳ್ಳದೆ ದೊಡ್ಡ ಚಾರ್ಜರ್ ತರಬೇಡಿ. ಬೇಕಿದ್ದರೆ ಬ್ಯಾಟರಿ ಕಾರಿಗೆ ಬೇರೆ ಮೀಟರ್ ಕೇಳಬಹುದು, ಅದಕ್ಕೆ ದರವೂ ಬೇರೆ. ಕಾರಿನಲ್ಲೇ ಟೈಮರ್ ಇದ್ದರೆ ಹನ್ನೊಂದೂವರೆ ಮೇಲೆ ಇಡಿ, ಒಬ್ಬೊಬ್ಬರು ಒಂದೊಂದು ರಾತ್ರಿ.

ಮನೆ 52:
ಬ್ಯಾಟರಿ ಬಗ್ಗೆ ನನ್ನ ಭಯ ಹೋಗಿಲ್ಲ. ಆದರೆ ನಮ್ಮ ಮನೆ ಅರ್ತಿಂಗೂ ಒಂದ್ಸಲ ನೋಡಿಕೊಡಿ. ವಾಷಿಂಗ್ ಮಷಿನ್ ಮುಟ್ಟಿದರೆ ಜುಮ್ ಅನ್ನುತ್ತೆ.

ಮನೆ 41:
ಹಾಗಾದರೆ ಭಾನುವಾರ ಹತ್ತೂವರೆಗೆ ಪಾರ್ಕ್ ಬೆಂಚ್ ಹತ್ತಿರ. ಅಲ್ಲಿಯವರೆಗೆ ಫುಟ್‌ಪಾತ್ ಮೇಲೆ ವೈರ್ ಬೇಡ, ಐದೂ ಜನ ಹೊರಗಿನ ಸ್ಟೇಷನ್‌ನಲ್ಲಿ ಚಾರ್ಜ್ ಮಾಡಿಸಿಕೊಳ್ಳಿ. 4ನೇ ಕ್ರಾಸ್ ಖಾಲಿ ಸೈಟ್‌ನವರಿಗೆ ನಾನು ಫೋನ್ ಮಾಡ್ತೀನಿ. ಅವರು ಒಪ್ಪಿ ಕನೆಕ್ಷನ್‌ಗೆ ಸಹಿ ಹಾಕಿದರೆ ಅಲ್ಲಿ ಎರಡು ಪಾಯಿಂಟ್ ಮಾಡಿಸಿ ಹಂಚಿಕೊಳ್ಳಬಹುದು.

ಮನೆ 7:
ಅರ್ತಿಂಗ್ ಚೆಕ್ ಮಾಡುವ ಮೀಟರ್ ನಾನು ತರ್ತೀನಿ, 18ರಿಂದ ಶುರು ಮಾಡಿ ಹನ್ನೊಂದು ಮನೆ ಚೆಕ್ ಮಾಡೋಣ. ಅರ್ತ್ ಪಿಟ್ ಎಲ್ಲಿದೆ ಅಂತ ಇವತ್ತೇ ಹುಡುಕಿಡಿ. ಹೋದ ಸಲ ಒಬ್ಬರ ಮನೆಯಲ್ಲಿ ಅದರ ಮೇಲೇ ತುಳಸಿ ಕಟ್ಟೆ ಕಟ್ಟಿದ್ದರು.