ಮೈಕ್ರೋ ಆರ್‌ಎನ್‌ಎ ಮತ್ತು ಕ್ಯಾನ್ಸರ್: ಪಿಎಚ್‌ಡಿಗೆ ಸೇರಲಾ?

ಮದ್ದೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಕೊನೇ ವರ್ಷದಲ್ಲಿದ್ದೇನೆ. 2024ರಲ್ಲಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕುನ್ ಅವರಿಗೆ ಮೈಕ್ರೋ ಆರ್‌ಎನ್‌ಎ (ಜೀವಕೋಶದಲ್ಲಿ ಪ್ರೋಟೀನ್ ತಯಾರಿಕೆಯನ್ನು ಹಿಡಿತದಲ್ಲಿಡುವ ಪುಟ್ಟ ಆರ್‌ಎನ್‌ಎ) ಕಂಡುಹಿಡಿದದ್ದಕ್ಕೆ ನೊಬೆಲ್ ಬಂದಾಗಿನಿಂದ ಅದರ ಗುಂಗು ಹಿಡಿದಿದೆ. ಕ್ಯಾನ್ಸರ್‌ನಲ್ಲಿ ಅದು ಏನು ಮಾಡುತ್ತೆ ಅಂತ ಪಿಎಚ್‌ಡಿ ಮಾಡುವ ಆಸೆ. ನಮ್ಮದು ಕಬ್ಬು, ಭತ್ತದ ಮನೆ. ಅಪ್ಪ ಕೇಳೋದು ಒಂದೇ: "ಐದು ವರ್ಷ ಓದಿದ್ರೆ ಔಷಧಿ ಕಂಡುಹಿಡೀತೀಯಾ ಮಗಾ?" ಏನು ಹೇಳಲಿ? ದಿನದ ಕೆಲಸ ನಿಜಕ್ಕೂ ಹೇಗಿರುತ್ತೆ?

ಸರಸ್ವತಿಪುರಂ ಅಕ್ಕ:
ತಂಗಿ, ನಾನು ಪಿಎಚ್‌ಡಿ ಮಾಡಿದ್ದು ಇದರಲ್ಲೇ, ಈಗಿರುವುದೂ ಇದರಲ್ಲೇ. ಅಪ್ಪನಿಗೆ ಔಷಧಿಯ ಮಾತು ಕೊಡಬೇಡ. ಎಂಐಆರ್-34ಎ ಎಂಬ ಮೈಕ್ರೋ ಆರ್‌ಎನ್‌ಎಯ ನಕಲನ್ನು ಕೊಬ್ಬಿನ ಕಣದಲ್ಲಿ ತುಂಬಿ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ್ದರು. ದೇಹದ ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ತಿರುಗಿಬಿತ್ತು. 2016ರಲ್ಲಿ ಆ ಪ್ರಯೋಗ ನಿಂತಿತು. ಇದನ್ನು ಮನೆಯಲ್ಲಿ ಮುಚ್ಚಿಡದೆ ಹೇಳು.

ಆದರೆ ನಾಲೆಯ ತೂಬು ಅಪ್ಪನಿಗೆ ಚೆನ್ನಾಗಿ ಗೊತ್ತಲ್ವಾ? ಯಾವ ಗದ್ದೆಗೆ ಎಷ್ಟು ನೀರು ಅಂತ ತೂಬು ನಿರ್ಧರಿಸುತ್ತೆ. ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಅನ್ನುವುದರಲ್ಲಿ ಮೈಕ್ರೋ ಆರ್‌ಎನ್‌ಎ ಕೆಲಸವೂ ಹಾಗೇ.

ನನ್ನನ್ನು ಈ ದಾರಿಗೆ ಎಳೆದದ್ದು 2002ರ ಕಥೆ. ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ 13ನೇ ಕ್ರೋಮೋಸೋಮಿನ ಒಂದು ತುಂಡು ಪದೇ ಪದೇ ಕಾಣೆಯಾಗಿರುತ್ತಿತ್ತು. ಅಲ್ಲಿ ಪ್ರೋಟೀನ್ ಮಾಡುವ ಜೀನ್ ಇರಬೇಕು ಅಂತ ವರ್ಷಗಟ್ಟಲೆ ಹುಡುಕಿದರು. ಕ್ಯಾನ್ಸರ್ ವಿಜ್ಞಾನಿ ಕಾರ್ಲೋ ಕ್ರೋಚೆ ಅವರ ತಂಡಕ್ಕೆ ಅಲ್ಲಿ ಸಿಕ್ಕಿದ್ದು ಎರಡು ಮೈಕ್ರೋ ಆರ್‌ಎನ್‌ಎ, ಎಂಐಆರ್-15 ಮತ್ತು 16. ಪ್ರೋಟೀನೇ ಮಾಡದ ಜೀನ್‌ಗಳು! ಆಂಬ್ರೋಸ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇಂಥದೇ ಒಂದನ್ನು 1993ರಲ್ಲೇ ತೋರಿಸಿದ್ದರು. ಆಗ ಜಾಸ್ತಿ ಜನ ಗಮನ ಕೊಡಲಿಲ್ಲ. ಲೆಟ್-7 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎ ಮನುಷ್ಯರಲ್ಲೂ ಇದೆ ಅಂತ 2000ದಲ್ಲಿ ಗೊತ್ತಾದ ಮೇಲೆಯೇ ಎಲ್ಲರೂ ತಿರುಗಿ ನೋಡಿದ್ದು.

ದಿನದ ಕೆಲಸ ಅಂದರೆ ಆರ್‌ಎನ್‌ಎ ಕಾಯುವುದು. ನಮ್ಮ ಬೆರಳಲ್ಲಿ, ಉಸಿರಿನ ಹನಿಯಲ್ಲಿ ಅದನ್ನು ತುಂಡರಿಸುವ ಕಿಣ್ವ ಇರುತ್ತೆ. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟಿದರೆ ಗ್ಲೌಸ್ ಬದಲಿಸಲೇಬೇಕು. ಮೈಕ್ರೋ ಆರ್‌ಎನ್‌ಎ ಉದ್ದ ಸುಮಾರು 22 ಅಕ್ಷರ ಅಷ್ಟೇ. ಆರ್‌ಎನ್‌ಎ ಬೇರ್ಪಡಿಸುವ ಮಾಮೂಲಿ ಕಿಟ್‌ನ ಕಾಲಂನಲ್ಲಿ (ಸೋಸುವ ಕೊಳವೆಯಲ್ಲಿ) ಅದು ನಿಲ್ಲದೆ ಸೋರಿಹೋಗುತ್ತೆ, ಹಿಡಿದಿಡಲು ಎಥನಾಲ್ ಜಾಸ್ತಿ ಹಾಕಬೇಕು. ಕಡೆಗೆ ಟ್ಯೂಬಿನ ತಳದಲ್ಲಿ ಉಳಿಯುವ ಆರ್‌ಎನ್‌ಎ ಎಷ್ಟೋ ಸಲ ಕಣ್ಣಿಗೇ ಕಾಣಲ್ಲ. ಪಿಪೆಟ್ ತುದಿಯನ್ನು ಟ್ಯೂಬಿನ ಎದುರು ಗೋಡೆಗೆ ತಾಗಿಸಿ, ಉಸಿರು ಬಿಗಿಹಿಡಿದು ದ್ರವ ತೆಗೆಯಬೇಕು. ನನಗೆ ಇವತ್ತಿಗೂ ಆ ಕ್ಷಣ ಇಷ್ಟ.

ಮದ್ದೂರು ಹುಡುಗಿ:
ಅಕ್ಕ, ತೂಬಿನ ಮಾತು ಅಪ್ಪನಿಗೆ ತಕ್ಷಣ ಅರ್ಥವಾಯಿತು! ಖರ್ಚಿನ ಚಿಂತೆ ಇನ್ನೂ ಇದೆ. ಗೈಡ್ ಆರಿಸುವಾಗ ಏನು ನೋಡಬೇಕು?

ಸರಸ್ವತಿಪುರಂ ಅಕ್ಕ:
ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ತಗೋ. ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಮನೆಗೆ ಭಾರವಾಗಲ್ಲ. ಗೈಡ್ ವಿಷಯದಲ್ಲಿ ಸುಮ್ನೆ ಪೇಪರ್ ಎಣಿಸಬೇಡ. ಆ ಲ್ಯಾಬಿನ ಹುಡುಗ ಹುಡುಗಿಯರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕೇಳು: ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ ತಂದರೆ ಸರ್ ಏನಂತಾರೆ? "ಇನ್ನೊಂದು ಸಲ ಮಾಡಿ ನೋಡೋಣ" ಅನ್ನುವವರ ಹತ್ತಿರ ಸೇರು. "ಅದನ್ನ ಬಿಟ್ಟುಬಿಡು" ಅನ್ನುವವರ ಹತ್ತಿರ ಬೇಡ.

ಮಂಡ್ಯ ಪೆಥಾಲಜಿ:
ಒಂದು ಮಾತು ಸೇರಿಸುತ್ತೇನಮ್ಮ. ರೋಗಿಗಳ ಸ್ಯಾಂಪಲ್ ಅಂದರೆ ತಾಜಾ ಗೆಡ್ಡೆಯೇ ಆಗಬೇಕಿಲ್ಲ. ಬಯಾಪ್ಸಿಯ ಹಳೆಯ ಪ್ಯಾರಾಫಿನ್ ಬ್ಲಾಕ್‌ಗಳನ್ನು (ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡುಗಳನ್ನು) ಆಸ್ಪತ್ರೆಗಳಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ಉದ್ದನೆಯ ಆರ್‌ಎನ್‌ಎ ಚೂರಾಗಿರುತ್ತೆ, ಮೈಕ್ರೋ ಆರ್‌ಎನ್‌ಎ ಚಿಕ್ಕದಾದ್ದರಿಂದ ಚೆನ್ನಾಗಿಯೇ ಉಳಿದಿರುತ್ತೆ. ಆದರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಒಂದು ಬ್ಲಾಕನ್ನೂ ಮುಟ್ಟುವಂತಿಲ್ಲ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಸೇರಿದ ವಾರವೇ ಅರ್ಜಿ ಬರೆಯಲು ಶುರುಮಾಡು.