ಅಪ್‌ಡೇಟ್: ಸರ್ವೆಯಲ್ಲಿ ಎಲ್ಲರೂ ‘ಹೌದು’ ಅಂದದ್ದು ಯಾಕೆ ಅಂತ ಗೊತ್ತಾಯಿತು

ಹೋದ ತಿಂಗಳು ಕೇಳಿದ್ದೆ: ಎಂಎ ಪ್ರಾಜೆಕ್ಟಿಗೆ ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ಊಟದ ಬಗ್ಗೆ ಸರ್ವೆ ಮಾಡುತ್ತಿದ್ದೇನೆ, ಯಾರನ್ನು ಕೇಳಿದರೂ ‘ಹೌದು’ ಅಂತಾರೆ, ಏನು ಮಾಡಲಿ ಅಂತ. ನೀವು ಹೇಳಿದ್ದೇ ಸರಿ. ತಪ್ಪು ನನ್ನ ಪ್ರಶ್ನೆಯದ್ದು.

‘ನೀವು ನಿಯಮಿತವಾಗಿ ಸೊಪ್ಪು, ಹಣ್ಣು ತಿನ್ನುತ್ತೀರಾ?’ ಅಂತ ಕೇಳಿದ್ದೆ. ಒಂದರಲ್ಲೇ ಎರಡು ಪ್ರಶ್ನೆ. ಸೊಪ್ಪು ಹಿತ್ತಲಲ್ಲೇ ಸಿಗುತ್ತದೆ, ಹಣ್ಣನ್ನು ದುಡ್ಡು ಕೊಟ್ಟು ತರಬೇಕು. ‘ನಿಯಮಿತ’ ಅಂದರೆ ಎಷ್ಟು ಅಂತ ನನಗೇ ಗೊತ್ತಿರಲಿಲ್ಲ. ಪೆನ್ನು ಹಿಡಿದು ಬಂದ ಹುಡುಗಿಯ ಮುಂದೆ ‘ತಿನ್ನಲ್ಲ’ ಅನ್ನೋಕೆ ಯಾರಿಗಾದರೂ ಮುಜುಗರ ಅಲ್ವಾ?

ಈಗ ಎರಡಾಗಿ ಒಡೆದಿದ್ದೇನೆ. ‘ಕಳೆದ 7 ದಿನದಲ್ಲಿ ಎಷ್ಟು ದಿನ ಸೊಪ್ಪಿನ ಅಡುಗೆ ಮಾಡಿದಿರಿ?’ ಹಣ್ಣಿಗೆ ಬೇರೆ ಪ್ರಶ್ನೆ. 7 ದಿನ ಸುಮ್ನೆ ಹಾಕಿದ್ದಲ್ಲ. ಎನ್‌ಎಸ್‌ಎಸ್‌ನ (ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ) ಮನೆಖರ್ಚಿನ ಸರ್ವೆಯಲ್ಲೂ ತರಕಾರಿ, ಹಣ್ಣು, ಮೊಟ್ಟೆಗೆ 7 ದಿನದ ಲೆಕ್ಕ, ಅಕ್ಕಿ-ರಾಗಿಗೆ 30, ಬಟ್ಟೆ-ಚಪ್ಪಲಿಗೆ 365. ಅಪರೂಪಕ್ಕೆ ಕೊಳ್ಳುವುದನ್ನು ವಾರದ ಲೆಕ್ಕದಲ್ಲಿ ಹಿಡಿಯೋಕೆ ಆಗಲ್ಲ.

ಹೊಸ ಪ್ರಶ್ನಾವಳಿಯನ್ನು ಮೊದಲು 10 ಮನೆಯಲ್ಲಿ ಕೇಳಿ ನೋಡಿದೆ. ಒಬ್ಬ ಅಜ್ಜಿ ಬೆರಳು ಮಡಚುತ್ತಾ, ‘ಸೋಮವಾರ ಬಸ್ಸಾರು, ಗುರುವಾರ ಉಪ್ಸಾರು...’ ಅಂತ ಎಣಿಸಿ, ‘ಬಸ್ಸಾರಿಗೆ ಬೇಯಿಸಿದ ಸೊಪ್ಪೂ ಲೆಕ್ಕಕ್ಕೆ ಬರುತ್ತಾ ಮಗಾ?’ ಅಂದರು. ನಾನು ಪಲ್ಯ ಒಂದನ್ನೇ ಯೋಚಿಸಿದ್ದೆ! ಅದನ್ನೂ ಪ್ರಶ್ನೆಯ ಕೆಳಗೆ ಬರೆದುಕೊಂಡೆ.

‘ಸಂಪೂರ್ಣ ಒಪ್ಪುತ್ತೇನೆ’ ತರಹದ ಐದು ಆಯ್ಕೆಗಳನ್ನು ತೆಗೆದುಹಾಕಿದ್ದೇನೆ. ಓದಿ ಹೇಳುವಷ್ಟರಲ್ಲಿ ಮೊದಲನೆಯದು ಮರೆತೇ ಹೋಗುತ್ತಿತ್ತು. ಸೋಮವಾರದಿಂದ ಮತ್ತೆ ಶುರು, ಸಂಜೆ ಊರವರು ಡೈರಿಗೆ ಹಾಲು ಹಾಕಿ ಬಂದ ಮೇಲೆ.